ಓದುಗರ ಪ್ರಶ್ನೆಗಳಿಗೆ ಉತ್ತರ: ಬೇಲಿಯೊಳಗಿನ ಆಟಗಳು, ಮುಗಿಯದ ಸರಣಿಗಳು

ಕಳೆದ ಸಂಚಿಕೆಯಲ್ಲಿ ಒಂದೇ ಯಂತ್ರಕ್ಕೆ ಮೀಸಲಾದ ವಿಡಿಯೋ ಗೇಮ್‌ಗಳ ಬಗ್ಗೆ ನಾಲ್ಕು ಸಾಲು ಬರೆದದ್ದಕ್ಕೆ ಬಂದಷ್ಟು ಪತ್ರಗಳು ಈ ಅಂಕಣಕ್ಕೆ ಹಿಂದೆಂದೂ ಬಂದಿರಲಿಲ್ಲ. ಕೆಲವರು ಕೇಳಿದ್ದಾರೆ, ಕೆಲವರು ಬೈದಿದ್ದಾರೆ. ಆಯ್ದ ಕೆಲವಕ್ಕೆ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನನ್ನ ಮಗನ ಬಳಿ ಪ್ಲೇಸ್ಟೇಷನ್ 5 ಇದೆ, ಅವನ ಗೆಳೆಯನ ಬಳಿ ಎಕ್ಸ್‌ಬಾಕ್ಸ್ ಇದೆ. ಇವನ ಸಿಡಿ ಅಲ್ಲಿ ನಡೆಯುವುದಿಲ್ಲ, ಅವನದು ಇಲ್ಲಿ ನಡೆಯುವುದಿಲ್ಲ. ಕೆಲವು ಆಟಗಳಂತೂ ಒಂದೇ ಯಂತ್ರಕ್ಕೆ ಬರುತ್ತವಂತೆ. ಹಾಡಿನ ಸಿಡಿ ಯಾವ ಕಂಪನಿಯ ಪ್ಲೇಯರಿನಲ್ಲಾದರೂ ಹಾಡುತ್ತಿತ್ತಲ್ಲವೇ? ಇದು ತಾಂತ್ರಿಕ ಅಡಚಣೆಯೋ, ವ್ಯಾಪಾರದ ಹಟವೋ?
(ಪ್ರೌಢಶಾಲಾ ಶಿಕ್ಷಕಿ, ಗದಗ-ಬೆಟಗೇರಿ)

ಉತ್ತರ: ಎರಡೂ ಇವೆ, ಮೇಡಂ. ಆದರೆ ಮೊದಲು ಗೋಡೆಯಷ್ಟಿದ್ದ ತಾಂತ್ರಿಕ ಅಡಚಣೆ ಈಗ ಹೊಸ್ತಿಲಿನಷ್ಟು ಉಳಿದಿದೆ. 2006ರ ಪ್ಲೇಸ್ಟೇಷನ್ 3ರೊಳಗೆ ಸೋನಿ, ಐಬಿಎಂ ಮತ್ತು ತೋಷಿಬಾ ಕೂಡಿ ರೂಪಿಸಿದ ಸೆಲ್ ಎಂಬ ಪ್ರೊಸೆಸರ್ ಇತ್ತು. ಅದರ ನಡೆ ಉಳಿದ ಯಾವ ಪ್ರೊಸೆಸರಿಗೂ ಹೋಲುತ್ತಿರಲಿಲ್ಲವಾದ್ದರಿಂದ ಅದಕ್ಕೆಂದೇ ಬರೆದ ಆಟವನ್ನು ಬೇರೆಡೆಗೆ ಒಗ್ಗಿಸುವುದು ನಿಜವಾಗಿಯೂ ಕಷ್ಟದ ಕೆಲಸವಾಗಿತ್ತು. ನಿಮ್ಮ ಮಗನ ಬಳಿಯಿರುವ ಸೋನಿಯ ಪ್ಲೇಸ್ಟೇಷನ್ 5 ಮತ್ತು ಮೈಕ್ರೋಸಾಫ್ಟ್ ಕಂಪನಿಯ ಈಗಿನ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಎರಡರೊಳಗೂ ಇರುವುದು ಎಎಂಡಿ ಕಂಪನಿಯ, ಬಹುಮಟ್ಟಿಗೆ ಒಂದೇ ವಂಶದ ಚಿಪ್ಪು. ಇಂದು ಒಂದು ಆಟ ಒಂದೇ ಕಡೆ ಉಳಿಯಿತೆಂದರೆ ಅದಕ್ಕೆ ಮುಖ್ಯ ಕಾರಣ ಒಪ್ಪಂದದ ಕಾಗದ.

ಆ ಕಾಗದದ ಹಿಂದೆ ಒಂದು ಸರಳ ಲೆಕ್ಕವಿದೆ. ಯಂತ್ರದ ಮೇಲೆ ಕಂಪನಿಗೆ ದೊಡ್ಡ ಲಾಭವಿರುವುದಿಲ್ಲ, ಎಷ್ಟೋ ಸಲ ನಷ್ಟವೇ ಇರುತ್ತದೆ. ಅದು ಗಳಿಸುವುದು ಆಟಗಳಿಂದ. ಬೇರೆಯವರು ಮಾಡಿದ ಆಟ ತನ್ನ ಡಿಜಿಟಲ್ ಅಂಗಡಿಯಲ್ಲಿ ಮಾರಾಟವಾದಾಗಲೂ ಸಾಮಾನ್ಯವಾಗಿ ಶೇ. 30ರಷ್ಟು ಪಾಲು ಅದಕ್ಕೇ ಹೋಗುತ್ತದೆ. ಆದ್ದರಿಂದ ಗಿರಾಕಿಯನ್ನು ತನ್ನ ಅಂಗಳಕ್ಕೆ ಕರೆತರುವ ಒಂದು ಆಟ ತಾನಾಗಿ ಲಾಭ ಮಾಡದಿದ್ದರೂ ನಡೆಯುತ್ತದೆ ಎಂಬುದು ಈ ಕಂಪನಿಗಳ ಹಳೆಯ ಎಣಿಕೆ.

ಹಳೆಯದು ಎಂದರೆ ಬಹಳ ಹಳೆಯದು. ಜಪಾನಿನ ನಿಂಟೆಂಡೊ ಕಂಪನಿ 1985ರಲ್ಲಿ ಅಮೆರಿಕಕ್ಕೆ ಒಯ್ದ ಯಂತ್ರದೊಳಗೆ ಒಂದು ಬೀಗದ ಚಿಪ್ಪನ್ನು ಇಟ್ಟಿತ್ತು. ಆಟ ತುಂಬಿದ ಕ್ಯಾಸೆಟ್ಟಿನಲ್ಲಿ ಅದರ ಜೋಡಿ ಚಿಪ್ಪು ಇಲ್ಲದಿದ್ದರೆ ಯಂತ್ರ ಆಟವನ್ನು ಆರಂಭಿಸದೆ ಮತ್ತೆ ಮತ್ತೆ ರೀಸೆಟ್ ಆಗುತ್ತಿತ್ತು. ಆ ಚಿಪ್ಪು ಬೇಕಾದ ಕಂಪನಿಗಳು ವರ್ಷಕ್ಕೆ 5 ಆಟಗಳಿಗಿಂತ ಹೆಚ್ಚು ತರಬಾರದು, ತಂದ ಆಟವನ್ನು 2 ವರ್ಷ ಬೇರೆ ಯಂತ್ರಕ್ಕೆ ಕೊಡಬಾರದು ಎಂಬ ಷರತ್ತುಗಳಿಗೆ ಸಹಿ ಹಾಕಬೇಕಿತ್ತು. ತಮಾಷೆಯ ಸಂಗತಿಯೆಂದರೆ, 1983ರಲ್ಲಿ ಜಪಾನಿನಲ್ಲಿ ಬಂದ ಮೂಲ ಯಂತ್ರವಾದ ಫ್ಯಾಮಿಕಾಮ್‌ನಲ್ಲಿ ಈ ಬೀಗ ಇರಲಿಲ್ಲ. ಅದನ್ನು ನಕಲು ಮಾಡಿದ ಯಂತ್ರಗಳೇ ತೊಂಬತ್ತರ ದಶಕದಲ್ಲಿ ಹುಬ್ಬಳ್ಳಿಯ ದುರ್ಗದ ಬೈಲಿನ ಅಂಗಡಿಗಳಲ್ಲಿ ಟಿವಿ ಗೇಮ್ ಎಂಬ ಹೆಸರಿನಲ್ಲಿ ತೂಗಾಡಿದವು. ಯಾರ ಕ್ಯಾಸೆಟ್ಟು ಯಾರ ಯಂತ್ರಕ್ಕಾದರೂ ಕೂಡುತ್ತಿದ್ದ ಕಾಲದಲ್ಲಿ ಬೆಳೆದ ನನ್ನಂಥವರಿಗೆ ಎಕ್ಸ್‌ಕ್ಲೂಸಿವ್, ಅಂದರೆ ಒಂದೇ ಯಂತ್ರಕ್ಕೆ ಮೀಸಲು, ಎಂಬ ಪದ ಕಿವಿಗೆ ಬಿದ್ದದ್ದೇ ಕಾಲೇಜಿಗೆ ಬಂದ ಮೇಲೆ.

ಇನ್ನು ಇದು ಸರಿಯೋ ತಪ್ಪೋ ಎಂಬ ಮಾತು. ನೀವು ಅದನ್ನು ನೇರವಾಗಿ ಕೇಳಿಲ್ಲ, ಆದರೂ ನಿಮ್ಮ ಪತ್ರದ ಧಾಟಿಯಲ್ಲಿ ಅದು ಇದೆ. ಸ್ವಂತ ಹೊಲದಲ್ಲಿ ಸ್ವಂತ ದುಡ್ಡಿನಿಂದ ಬಾವಿ ತೋಡಿಸಿದವನು ಸುತ್ತ ಬೇಲಿ ಹಾಕಿದರೆ ನಾನು ತಕರಾರು ಮಾಡುವುದಿಲ್ಲ. ಬೇಯೊನೆಟಾ ಎಂಬ ಆಟದ ಮೊದಲ ಭಾಗ 2009ರಲ್ಲಿ ಪ್ಲೇಸ್ಟೇಷನ್ 3 ಮತ್ತು ಎಕ್ಸ್‌ಬಾಕ್ಸ್ 360 ಎರಡಕ್ಕೂ ಬಂದಿತ್ತು. ಎರಡನೆಯ ಭಾಗವನ್ನು ಪ್ರಕಾಶಕರಾದ ಸೆಗಾ ಕೈಬಿಟ್ಟಾಗ ನಿಂಟೆಂಡೊ ಹಣ ಹಾಕಿತು; 2014ರಲ್ಲಿ ಅದು ವೀ ಯು ಎಂಬ ನಿಂಟೆಂಡೊ ಯಂತ್ರಕ್ಕೆ ಮಾತ್ರ ಬಂತು. ಮೊದಲ ಭಾಗವನ್ನು ಬೇರೆ ಯಂತ್ರದಲ್ಲಿ ಆಡಿದವರು ಕೂಗಾಡಿದರು. ಅವರ ಸಂಕಟ ಅರ್ಥವಾಗುತ್ತದೆ, ಆದರೆ ಆ ಬೇಲಿ ಬೇಡವೆಂದಿದ್ದರೆ ಬಾವಿಯೇ ಇರುತ್ತಿರಲಿಲ್ಲ.

ಊರ ಕೆರೆಗೆ ಬೇಲಿ ಹಾಕುವುದು ಬೇರೆ. ಟೂಂಬ್ ರೈಡರ್ 1996ರಿಂದ ಹಲವು ಯಂತ್ರಗಳಲ್ಲಿ ನಡೆದುಬಂದ ಸರಣಿ. 2013ರ ಭಾಗವೂ ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್ ಎರಡಕ್ಕೂ ಬಂದಿತ್ತು. ಅದರ ಮುಂದಿನ ಭಾಗವಾದ ರೈಸ್ ಆಫ್ ದ ಟೂಂಬ್ ರೈಡರ್ ಅನ್ನು ಮೈಕ್ರೋಸಾಫ್ಟ್ ಒಪ್ಪಂದ ಮಾಡಿಕೊಂಡು 2015ರ ನವೆಂಬರಿನಲ್ಲಿ ಎಕ್ಸ್‌ಬಾಕ್ಸ್‌ಗೆ ಮಾತ್ರ ತಂದಿತು. ಪ್ಲೇಸ್ಟೇಷನ್ 4ರವರು 2016ರ ಅಕ್ಟೋಬರಿನವರೆಗೆ ಕಾಯಬೇಕಾಯಿತು. ಇಲ್ಲಿ ಆ ದುಡ್ಡಿನಿಂದ ಹೊಸ ಆಟವೇನೂ ಹುಟ್ಟಲಿಲ್ಲ. ಬರಲಿದ್ದ ಆಟವನ್ನು ಒಂದು ವರ್ಷದ ಮಟ್ಟಿಗೆ ಪಕ್ಕದ ಮನೆಗೆ ಹೋಗದಂತೆ ಹಿಡಿದಿಡಲಾಯಿತು ಎಂದೇ ನನ್ನ ಅಭಿಪ್ರಾಯ.

ಇವೆರಡರ ನಡುವೆ ಮೂರನೆಯ ಬಗೆಯೂ ಒಂದುಂಟು. ಫೈನಲ್ ಫ್ಯಾಂಟಸಿ ಸರಣಿಯ ಮೊದಲ 6 ಮುಖ್ಯ ಭಾಗಗಳು ಬಂದದ್ದು ನಿಂಟೆಂಡೊ ಯಂತ್ರಗಳಿಗೆ. ಆದರೆ ನಿಂಟೆಂಡೊ ತನ್ನ ಮುಂದಿನ ಯಂತ್ರದಲ್ಲಿಯೂ ಕ್ಯಾಸೆಟ್ಟನ್ನೇ ಉಳಿಸಿಕೊಂಡಿತು. ಅದರ ಅತಿ ದೊಡ್ಡ ಕ್ಯಾಸೆಟ್ಟಿನಲ್ಲಿ ಹಿಡಿಯುತ್ತಿದ್ದದ್ದು 64 ಎಂಬಿ, ಪ್ಲೇಸ್ಟೇಷನ್ನಿನ ಒಂದು ಸಿಡಿಯಲ್ಲಿ ಸುಮಾರು 650 ಎಂಬಿ. ಏಳನೆಯ ಭಾಗ 1997ರಲ್ಲಿ 3 ಸಿಡಿಗಳಲ್ಲಿ ಪ್ಲೇಸ್ಟೇಷನ್‌ಗೆ ಬಂತು. ಇಲ್ಲಿ ಬೇಲಿ ಹಾಕಿದವರು ಯಾರೂ ಇಲ್ಲ, ಜಾಗ ಸಾಲದೆ ಮನೆ ಬದಲಾಯಿಸಿದ್ದು.

ಪ್ರಶ್ನೆ: ನಾನು ಎಂಜಿನಿಯರಿಂಗ್ ಮೂರನೆಯ ವರ್ಷದಲ್ಲಿದ್ದೇನೆ. ಇಂಟರ್ನ್‌ಶಿಪ್ಪಿನ ಹಣ ಕೂಡಿಸಿಟ್ಟಿದ್ದೇನೆ. ಎಕ್ಸ್‌ಕ್ಲೂಸಿವ್ ಆಟಗಳೆಲ್ಲ ಎಲ್ಲ ಕಡೆ ಬರುತ್ತಿರುವಾಗ ಈಗ ಪ್ಲೇಸ್ಟೇಷನ್ 5 ಕೊಳ್ಳಲೋ, ಎಕ್ಸ್‌ಬಾಕ್ಸ್ ಕೊಳ್ಳಲೋ, ಕಂಪ್ಯೂಟರಿಗೆ ಗ್ರಾಫಿಕ್ಸ್ ಕಾರ್ಡ್ ಹಾಕಿಸಲೋ?
(ವಿದ್ಯಾರ್ಥಿ, ವಿದ್ಯಾನಗರ, ಹುಬ್ಬಳ್ಳಿ)

ಉತ್ತರ: ಎಲ್ಲ ಕಡೆ ಬರುತ್ತಿವೆ ಎಂಬುದು ಮುಕ್ಕಾಲು ನಿಜ. ಸೋನಿ 2020ರಲ್ಲಿ ಹೊರೈಜನ್ ಝೀರೋ ಡಾನ್ ಅನ್ನು ಕಂಪ್ಯೂಟರಿಗೆ ತಂದಿತು. 2022ರಲ್ಲಿ ಗಾಡ್ ಆಫ್ ವಾರ್ ಮತ್ತು ಸ್ಪೈಡರ್‌ಮ್ಯಾನ್, 2024ರಲ್ಲಿ ಘೋಸ್ಟ್ ಆಫ್ ಸುಶಿಮಾ ಬಂದವು. ಮೈಕ್ರೋಸಾಫ್ಟ್ ಇನ್ನೂ ಮುಂದೆ ಹೋಗಿ 2025ರಲ್ಲಿ ಫೋರ್ಝಾ ಹೊರೈಜನ್ 5 ಅನ್ನೂ, ಮೊದಲ ಗೇರ್ಸ್ ಆಫ್ ವಾರ್‌ನ ಹೊಸ ರೂಪವನ್ನೂ ಪ್ಲೇಸ್ಟೇಷನ್ 5ಕ್ಕೆ ಕೊಟ್ಟಿತು. ಅದೇ ವರ್ಷ ಅಕ್ಟೋಬರಿನಲ್ಲಿ ಹೇಲೋ ಕೂಡ ಪ್ಲೇಸ್ಟೇಷನ್‌ಗೆ ಬರಲಿದೆ ಎಂಬ ಘೋಷಣೆ ಹೊರಬಿತ್ತು. 2001ರಲ್ಲಿ ಮೊದಲ ಎಕ್ಸ್‌ಬಾಕ್ಸ್ ಮನೆಮನೆಗೆ ಹೋದದ್ದೇ ಹೇಲೋ ಎಂಬ ಒಂದು ಆಟದ ಬೆನ್ನೇರಿ. ಅದೇ ಆಟ ಎದುರಾಳಿಯ ಅಂಗಳಕ್ಕೆ ನಡೆದುಹೋಗುವುದನ್ನು ಆಗ ಯಾರಾದರೂ ಹೇಳಿದ್ದರೆ ನಾವು ನಕ್ಕುಬಿಡುತ್ತಿದ್ದೆವು.

ಇದು ಔದಾರ್ಯವಲ್ಲ, ಖರ್ಚು. 2023ರಲ್ಲಿ ಮೈಕ್ರೋಸಾಫ್ಟ್ ಆಕ್ಟಿವಿಷನ್ ಕಂಪನಿಯನ್ನು ಕೊಳ್ಳುವ ವಿಷಯ ಅಮೆರಿಕದ ನ್ಯಾಯಾಲಯದಲ್ಲಿದ್ದಾಗ ಸೋನಿಯ ಕಡೆಯಿಂದ ಸಲ್ಲಿಕೆಯಾದ ಒಂದು ಕಾಗದದಲ್ಲಿ ಗುಟ್ಟಿನ ಅಂಕಿಗಳ ಮೇಲೆ ಕಪ್ಪು ಮಾರ್ಕರ್ ಎಳೆಯಲಾಗಿತ್ತು. ಸ್ಕ್ಯಾನ್ ಮಾಡಿದಾಗ ಮಸಿಯ ಅಡಿಯ ಅಕ್ಷರಗಳು ಹಾಗೇ ಕಾಣಿಸಿದವು. (ನಮ್ಮ ತಾಲ್ಲೂಕು ಕಚೇರಿಗಳಲ್ಲಿ ಮಾತ್ರ ಇಂಥದು ನಡೆಯುತ್ತದೆ ಎಂದುಕೊಂಡಿದ್ದೆ.) ದ ಲಾಸ್ಟ್ ಆಫ್ ಅಸ್ ಎರಡನೆಯ ಭಾಗಕ್ಕೆ ಸುಮಾರು 22 ಕೋಟಿ ಡಾಲರ್, ಹೊರೈಜನ್ ಫರ್ಬಿಡನ್ ವೆಸ್ಟ್‌ಗೆ ಸುಮಾರು 21.2 ಕೋಟಿ ಡಾಲರ್ ತಗುಲಿದ್ದು ಹೀಗೆ ಜಗತ್ತಿಗೆ ಗೊತ್ತಾಯಿತು. ಇಷ್ಟು ಹಾಕಿದ ಮೇಲೆ ಒಂದೇ ಯಂತ್ರದವರಿಗೆ ಮಾರಿ ಕೈತೊಳೆದುಕೊಳ್ಳುವುದು ಯಾರಿಗೂ ಸುಲಭವಲ್ಲ.

ಇನ್ನು ನಿಮ್ಮ ಕೊಳ್ಳುವ ಮಾತು. ಬಂದ ಹೊಸದರಲ್ಲಿ ಎರಡರ ಬೆಲೆಯೂ ಇಲ್ಲಿ 49,990 ರೂಪಾಯಿ ಇತ್ತು: ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ 2020ರ ನವೆಂಬರಿನಲ್ಲಿ, ಪ್ಲೇಸ್ಟೇಷನ್ 5 ತಡವಾಗಿ 2021ರ ಫೆಬ್ರುವರಿ 2ರಂದು. ಆ ಮೇಲೆ ಬೆಲೆಗಳು ಬದಲಾಗಿವೆ, ಅಂಗಡಿಯಲ್ಲಿ ವಿಚಾರಿಸಿಕೊಳ್ಳಿ. ಆದರೆ ಯಂತ್ರದ ಬೆಲೆಗಿಂತ ಆಟದ ಬೆಲೆಯನ್ನು ನೋಡಿ ನಿರ್ಧರಿಸಿ. ಸೋನಿಯ ಹೊಸ ಆಟವೊಂದಕ್ಕೆ 4,999 ರೂಪಾಯಿ ಕೊಟ್ಟು ವರ್ಷಕ್ಕೆ ನಾಲ್ಕು ಕೊಳ್ಳುವ ವಿದ್ಯಾರ್ಥಿಯನ್ನು ನಾನು ಕಂಡಿಲ್ಲ. ನಮ್ಮ ಊರಿನಲ್ಲಿ ಈ ಹವ್ಯಾಸ ನಡೆಯುವುದೇ ಸೆಕೆಂಡ್‌ಹ್ಯಾಂಡ್ ಸಿಡಿಯ ಮೇಲೆ, ಗೆಳೆಯರ ಅದಲುಬದಲಿನ ಮೇಲೆ. ಆ ಮಟ್ಟಿಗೆ ಪ್ಲೇಸ್ಟೇಷನ್ ಇದ್ದವರೇ ಹೆಚ್ಚು ಸಿಗುತ್ತಾರೆ. ಆದ್ದರಿಂದ ಡಿಸ್ಕ್ ಡ್ರೈವ್ ಇರುವ ಮಾದರಿಯನ್ನೇ ತೆಗೆದುಕೊಳ್ಳಿ. ನಾನು 10,000 ರೂಪಾಯಿ ಉಳಿಯಿತೆಂದು ಡ್ರೈವ್ ಇಲ್ಲದ ಮಾದರಿಯನ್ನು ತಂದು, ನನ್ನ ತಮ್ಮ ಪ್ರೀತಿಯಿಂದ ಕೊಟ್ಟ ಮೂರು ಸಿಡಿಗಳನ್ನು ಟಿವಿಯ ಪಕ್ಕ ಅಲಂಕಾರಕ್ಕೆ ಇಟ್ಟುಕೊಂಡಿದ್ದೇನೆ. ಕಂಪ್ಯೂಟರ್ ಹೇಗೂ ಓದಿಗೆ ಬೇಕು ಎಂದಾದರೆ, ಹೊಸ ಆಟಕ್ಕೆ ಒಂದೆರಡು ವರ್ಷ ಕಾಯುವ ತಾಳ್ಮೆ ಇದ್ದರೆ, ಗ್ರಾಫಿಕ್ಸ್ ಕಾರ್ಡೇ ವಾಸಿ.

ಪ್ರಶ್ನೆ: ಮಾರಿಯೋ ಪ್ಲೇಸ್ಟೇಷನ್‌ಗೆ ಯಾವಾಗ ಬರುತ್ತಾನೆ?
(ಏಳನೆಯ ತರಗತಿ, ರಾಣೆಬೆನ್ನೂರು)

ಉತ್ತರ: ಅವನ ಒಡೆಯ ನಿಂಟೆಂಡೊ ಯಂತ್ರ ಮಾಡುವುದನ್ನು ನಿಲ್ಲಿಸಿದ ದಿನ, ಮರೀ. ಸೆಗಾ ಕಂಪನಿಯ ಸೋನಿಕ್ ಕೂಡ 1991ರಿಂದ ಎದುರಾಳಿ ನಿಂಟೆಂಡೊ ಮನೆಗೆ ಕಾಲಿಡದ ಹುಡುಗನಾಗಿದ್ದ. 2001ರಲ್ಲಿ ಸೆಗಾ ಯಂತ್ರಗಳನ್ನು ಮಾಡುವುದನ್ನೇ ಕೈಬಿಟ್ಟಿತು, ಅದೇ ವರ್ಷ ಸೋನಿಕ್ ನಿಂಟೆಂಡೊ ಯಂತ್ರಕ್ಕೆ ಬಂದ. 2007ರಲ್ಲಿ ಮಾರಿಯೋ, ಸೋನಿಕ್ ಇಬ್ಬರೂ ಒಂದೇ ಆಟದಲ್ಲಿ ಒಲಿಂಪಿಕ್ ಓಟ ಓಡಿದರು.

ಪ್ರಶ್ನೆ: ಒಂದು ಕಾಲದಲ್ಲಿ ಆಟಕ್ಕೆ ಆರಂಭ, ಮುಕ್ತಾಯ ಎಂದಿರುತ್ತಿತ್ತು. ಈಗ ಎಲ್ಲವೂ ಹತ್ತನೆಯ, ಹದಿನೈದನೆಯ ಭಾಗ. ಇವರಿಗೆ ಹೊಸದು ಹೊಳೆಯುವುದಿಲ್ಲವೇ? ಒಂದು ಸರಣಿಯನ್ನು ಎಲ್ಲಿ ನಿಲ್ಲಿಸಬೇಕು?
(ನಿವೃತ್ತ ಬ್ಯಾಂಕ್ ನೌಕರರು, ಸಪ್ತಾಪುರ, ಧಾರವಾಡ)

ಉತ್ತರ: ತಾವು ಈ ವಯಸ್ಸಿನಲ್ಲಿಯೂ ಆಡುತ್ತೀರಿ ಎಂದು ಬರೆದದ್ದು ಓದಿ ಸಂತೋಷವಾಯಿತು. ಆದರೆ ಭಾಗಗಳ ಸಂಖ್ಯೆಯ ಬಗ್ಗೆ ನನಗೆ ತಮ್ಮಷ್ಟು ಸಿಟ್ಟಿಲ್ಲ. ಸಿಟ್ಟು ಬರುವುದು ಕ್ಯಾಲೆಂಡರಿನ ಮೇಲೆ.

ಅಸಾಸಿನ್ಸ್ ಕ್ರೀಡ್ ಸರಣಿಯನ್ನೇ ನೋಡಿ. 2007ರಲ್ಲಿ ಮೊದಲ ಭಾಗ, 2009ರಲ್ಲಿ ಎರಡನೆಯದು. ಅಲ್ಲಿಂದ 2015ರವರೆಗೆ ಪ್ರತಿ ವರ್ಷವೂ ಒಂದೊಂದು ಮುಖ್ಯ ಆಟ. 2014ರಲ್ಲಿ ಬಂದ, ಪ್ಯಾರಿಸ್ಸಿನ ಕ್ರಾಂತಿಯ ಕಾಲದಲ್ಲಿ ನಡೆಯುವ ಯೂನಿಟಿ ಎಷ್ಟು ಅವಸರದಲ್ಲಿ ಹೊರಬಿತ್ತೆಂದರೆ, ಕೆಲವು ದೃಶ್ಯಗಳಲ್ಲಿ ಪಾತ್ರಗಳ ಮುಖದ ಚರ್ಮವೇ ಮಾಯವಾಗಿ ಕಣ್ಣುಗುಡ್ಡೆ, ಹಲ್ಲು ಮತ್ತು ಕೂದಲು ಮಾತ್ರ ಗಾಳಿಯಲ್ಲಿ ನಿಂತು ಮಾತನಾಡುತ್ತಿದ್ದವು. ತಯಾರಕ ಕಂಪನಿ ಯೂಬಿಸಾಫ್ಟ್ ಕ್ಷಮೆ ಕೇಳಿ, ಮುಂದಿನ ಕಥಾಭಾಗವನ್ನು ಪುಕ್ಕಟೆ ಕೊಟ್ಟಿತು. 2016ರಲ್ಲಿ ಮುಖ್ಯ ಆಟವನ್ನೇ ತರಲಿಲ್ಲ. ಆ ಬಿಡುವಿನ ನಂತರ 2017ರಲ್ಲಿ ಈಜಿಪ್ಟಿನ ಕಥೆಯುಳ್ಳ ಒರಿಜಿನ್ಸ್ ಬಂದಾಗ ಸರಣಿಗೆ ಮತ್ತೆ ಉಸಿರು ಬಂದಿತ್ತು. ಒಂದು ವರ್ಷ ಹೊಲವನ್ನು ಬೀಳು ಬಿಟ್ಟದ್ದರ ಫಲವದು. ಅದನ್ನು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ.

ಎರಡನೆಯ ದಾರಿ, ತನ್ನನ್ನು ತಾನೇ ಮುರಿದುಕೊಳ್ಳುವುದು. ರೆಸಿಡೆಂಟ್ ಈವಿಲ್ ಆರನೆಯ ಭಾಗದ ಹೊತ್ತಿಗೆ, ಅಂದರೆ 2012ಕ್ಕೆ, ಭಯದ ಆಟ ಎಂಬುದು ಹೋಗಿ ಬರಿಯ ಗುಂಡಿನ ಸುರಿಮಳೆಯಾಗಿತ್ತು. 2017ರ ಏಳನೆಯ ಭಾಗದಲ್ಲಿ ಆಟಗಾರನನ್ನು ಪಾತ್ರದ ಕಣ್ಣಿನೊಳಗೇ ಕೂರಿಸಿ, ಒಂದು ಕೊಳೆತ ಮನೆಯೊಳಗೆ ಬಿಟ್ಟು ಬಾಗಿಲು ಹಾಕಿದರು. ನಾನು ಅದನ್ನು ಹಗಲು ಹೊತ್ತಿನಲ್ಲಿ, ಮನೆಯವರೆಲ್ಲ ಇದ್ದಾಗ ಮಾತ್ರ ಆಡಿದೆ. ಗಾಡ್ ಆಫ್ ವಾರ್ ಕೂಡ ಹಾಗೆಯೇ. 2005ರಿಂದ ಗ್ರೀಕ್ ದೇವತೆಗಳನ್ನು ಕಡಿಯುತ್ತ ಬಂದವನನ್ನು 2018ರಲ್ಲಿ ನಾರ್ಸ್ ದೇವತೆಗಳ ನಾಡಿಗೆ ಒಯ್ದು, ಗಡ್ಡ ಬೆಳೆಸಿ, ಕೈಗೊಬ್ಬ ಮಗನನ್ನು ಕೊಟ್ಟರು. ಹೊಸ ಹೆಸರಿನ ಆಟದಲ್ಲಿ ಈ ಅಪ್ಪನ ಮೌನಕ್ಕೆ ಅಷ್ಟು ತೂಕ ಬರುತ್ತಿರಲಿಲ್ಲ. ಹದಿಮೂರು ವರ್ಷ ಅವನು ಮಾಡಿದ್ದೆಲ್ಲ ನಮಗೆ ಗೊತ್ತು, ಮಗನಿಗೆ ಗೊತ್ತಿಲ್ಲ. ದೀರ್ಘ ಸರಣಿ ಮಾತ್ರ ಕೊಡಬಲ್ಲ ಸುಖವಿದು. ತಮ್ಮ ಆಕ್ಷೇಪಕ್ಕೆ ನನ್ನ ದೊಡ್ಡ ಉತ್ತರವೂ ಇದೇ.

ಹೆಸರಿಗೂ ಆಟಕ್ಕೂ ಇರುವ ನಂಟು ನಾವು ತಿಳಿದಷ್ಟು ಗಟ್ಟಿಯಲ್ಲ. 1993ರಿಂದ ನಡೆದುಬಂದ ಫಿಫಾ ಎಂಬ ಹೆಸರು 2022ರ ಫಿಫಾ 23ಕ್ಕೆ ಮುಗಿಯಿತು. ಮರುವರ್ಷ ಅದೇ ತಯಾರಕರ ಅದೇ ಆಟ ಇಎ ಸ್ಪೋರ್ಟ್ಸ್ ಎಫ್‌ಸಿ 24 ಎಂದು ಬಂತು. ಆಡುವವರು ಇಂದಿಗೂ ಫಿಫಾ ಎಂದೇ ಕರೆಯುತ್ತಾರೆ.

ನಿಲ್ಲಿಸಿದರೂ ನಿಲ್ಲದ ಸರಣಿಯೂ ಉಂಟು, ಅದನ್ನು ನೋಡಲು ತಾವು ಸಪ್ತಾಪುರದಿಂದ ಆಚೆ ಹೋಗಬೇಕಿಲ್ಲ. ಫಿಫಾ ಮಾಡುತ್ತಿದ್ದ ಇಎ ಕಂಪನಿಯ ಕ್ರಿಕೆಟ್ 07 ಬಂದದ್ದು 2006ರಲ್ಲಿ. ಆ ಮೇಲೆ ಅವರು ಕಂಪ್ಯೂಟರಿಗೆ ಮತ್ತೊಂದು ಕ್ರಿಕೆಟ್ ಆಟ ತರಲೇ ಇಲ್ಲ. ಈಚೆಗೆ ತಮ್ಮ ಬಡಾವಣೆಯಲ್ಲಿಯೇ, ಕೆಎಎಸ್ ಪರೀಕ್ಷೆಗೆ ಓದುವ ಹುಡುಗರ ಕೊಠಡಿಗೆ ಹೋಗಿದ್ದೆ. ಅಣಕು ಪರೀಕ್ಷೆ ಮುಗಿಸಿ ಬಂದ ನಾಲ್ವರು ಒಂದು ಹಳೆಯ ಲ್ಯಾಪ್‌ಟಾಪಿನ ಸುತ್ತ ಕುಳಿತಿದ್ದರು. ಕೀಬೋರ್ಡಿನ ಒಂದು ಕೀಲಿ ಕಿತ್ತುಹೋಗಿದ್ದರಿಂದ ಕೆಳಗಿನ ರಬ್ಬರಿನ ಗುಬಟನ್ನೇ ಒತ್ತುತ್ತ ಒಬ್ಬ ಸಿಕ್ಸರ್ ಹೊಡೆಯುತ್ತಿದ್ದ. ಪರದೆಯ ಮೇಲಿದ್ದದ್ದು ಕ್ರಿಕೆಟ್ 07, ಆಡುತ್ತಿದ್ದದ್ದು ಬೆಂಗಳೂರಿನ ಐಪಿಎಲ್ ತಂಡ. ಐಪಿಎಲ್ ಆರಂಭವಾದದ್ದೇ 2008ರಲ್ಲಿ. ಆಟ ಹುಟ್ಟಿದಾಗ ಇಲ್ಲದ ಪಂದ್ಯಾವಳಿಯನ್ನು, ಅದರ ಅಂಗಿ, ಆಟಗಾರರ ಹೆಸರುಗಳ ಸಮೇತ, ಅಭಿಮಾನಿಗಳು ಪ್ಯಾಚ್ ಮಾಡಿ ಮಾಡಿ ಒಳಗೆ ತುಂಬಿದ್ದಾರೆ. "ಹೊಸಾದು ಹಾಕ್ಕೊಳ್ಳಿಲ್ಲೇನು?" ಎಂದು ಕೇಳಿದೆ. "ಇದೂ ಹೊಸಾದ ಐತ್ರಿ, ಈ ಸೀಸನ್ದು" ಎಂದ, ತಲೆ ಎತ್ತದೆ.

ಪ್ರಶ್ನೆ: ಕಳೆದ ಸಂಚಿಕೆಯಲ್ಲಿ ಬ್ಲಡ್‌ಬೋರ್ನ್ ಆಟವನ್ನು ಹೊಗಳಿದ್ದೀರಿ. ನೀವು ಸೋನಿಯ ಭಕ್ತರು ಎಂಬುದು ಇದರಿಂದ ತಿಳಿಯುತ್ತದೆ.
(ಮೆಣಸಿನಕಾಯಿ ವ್ಯಾಪಾರಿ, ಬ್ಯಾಡಗಿ)

ಉತ್ತರ: ಮೆಣಸಿನಕಾಯಿ ತಮ್ಮ ಪತ್ರದಲ್ಲಿಯೂ ಚೆನ್ನಾಗಿಯೇ ಇದೆ. ಆಟವನ್ನು ಹೊಗಳಿದ್ದು ನಿಜ, ಆ ಮಾತನ್ನು ಹಿಂತೆಗೆದುಕೊಳ್ಳುವುದಿಲ್ಲ. ಆದರೆ 2015ರಲ್ಲಿ ಪ್ಲೇಸ್ಟೇಷನ್ 4ಕ್ಕೆ ಬಂದ ಆ ಆಟ ಅಂದು ಸೆಕೆಂಡಿಗೆ 30 ಚಿತ್ರಗಳ ವೇಗದಲ್ಲಿ ಓಡುತ್ತಿತ್ತು, ಹೊಸ ಯಂತ್ರದಲ್ಲಿ ಹಾಕಿದರೂ ಹಾಗೇ ಓಡುತ್ತದೆ. ಕಂಪ್ಯೂಟರಿಗೆ ತಂದಿಲ್ಲ, ಸುಧಾರಿಸಿಯೂ ಇಲ್ಲ. ಸ್ವಂತ ಬಾವಿ ಎಂದು ಒಪ್ಪಿಕೊಂಡೆ, ಹೂಳನ್ನಾದರೂ ತೆಗೆಸಬೇಡವೇ? ಅದೇ ತಯಾರಕರು 2009ರಲ್ಲಿ ಮಾಡಿದ ಡೀಮನ್ಸ್ ಸೋಲ್ಸ್ ಅನ್ನು ಅಮೆರಿಕದಲ್ಲಿ ಪ್ರಕಟಿಸಲು ಸೋನಿಯೇ ಮನಸ್ಸು ಮಾಡಿರಲಿಲ್ಲ, ಅಲ್ಲಿ ಅಟ್ಲಸ್ ಕಂಪನಿ ತಂದಿತು. 2020ರಲ್ಲಿ ಪ್ಲೇಸ್ಟೇಷನ್ 5 ಬಿಡುಗಡೆಯಾದಾಗ ಎದುರಿಗೆ ನಿಲ್ಲಿಸಿ ಮೆರೆಸಿದ್ದು ಅದರದೇ ಹೊಸ ರೂಪವನ್ನು. ಭಕ್ತನಾದವನು ಇಷ್ಟೆಲ್ಲ ನೆನಪಿಟ್ಟುಕೊಳ್ಳುವುದಿಲ್ಲ.

ಪ್ರಶ್ನೆ: ರಾಜಿ ಎಂಬ ನಮ್ಮ ದೇಶದ ಆಟವೂ ಮೊದಲು ವಿದೇಶಿ ಯಂತ್ರವೊಂದಕ್ಕೇ ಮೀಸಲಾಗಿತ್ತಂತೆ. ಹೌದೇ?
(ಓದುಗರು, ಲಕ್ಷ್ಮೇಶ್ವರ)

ಉತ್ತರ: ಹೌದು. ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ ತಂಡ ಮಾಡಿದ, ದುರ್ಗೆಯ ಕೃಪೆಯಿಂದ ರಾಕ್ಷಸರೊಡನೆ ಹೋರಾಡುವ ಹುಡುಗಿಯ ಈ ಆಟ 2020ರ ಆಗಸ್ಟಿನಲ್ಲಿ ಮೊದಲು ಬಂದದ್ದು ನಿಂಟೆಂಡೊ ಸ್ವಿಚ್‌ಗೆ. ಉಳಿದ ಯಂತ್ರಗಳಿಗೂ ಕಂಪ್ಯೂಟರಿಗೂ ಅಕ್ಟೋಬರಿನಲ್ಲಿ ಬಂತು. ಸ್ವಿಚ್ ಅನ್ನು ಆಗ ನಿಂಟೆಂಡೊ ಭಾರತದಲ್ಲಿ ಅಧಿಕೃತವಾಗಿ ಮಾರುತ್ತಲೇ ಇರಲಿಲ್ಲ; ಬೇಕಾದವರು ಹೊರದೇಶದಿಂದ ತರಿಸಿದ್ದನ್ನು ಬಿಲ್ಲು, ವಾರಂಟಿ ಇಲ್ಲದೆ ಕೊಳ್ಳಬೇಕಿತ್ತು. ನಮ್ಮ ಪುರಾಣದ ಆಟವನ್ನು ಎರಡು ತಿಂಗಳು ನಾವೇ ಯೂಟ್ಯೂಬಿನಲ್ಲಿ ನೋಡಿದೆವು. ಆದರೂ ಆ ತಂಡವನ್ನು ದೂರಲು ನನಗೆ ಮನಸ್ಸಿಲ್ಲ. ಸಣ್ಣ ತಂಡಕ್ಕೆ ದೊಡ್ಡ ಯಂತ್ರದ ಅಂಗಡಿಯ ಮುಂಬಾಗಿಲಲ್ಲಿ ಎರಡು ತಿಂಗಳು ನಿಲ್ಲಲು ಸಿಗುವ ಜಾಗ ಚಿಕ್ಕದಲ್ಲ.

ಪ್ರಶ್ನೆ: ಅಟ್ಟ ಸ್ವಚ್ಛ ಮಾಡುವಾಗ ನಮ್ಮ ಯಜಮಾನರ ಹಳೆಯ ಟಿವಿ ಗೇಮ್ ಮತ್ತು 11 ಕ್ಯಾಸೆಟ್ಟುಗಳು ಸಿಕ್ಕವು. ಗುಜರಿಗೆ ಹಾಕಲೇ? ಮಕ್ಕಳು ಅವೆಲ್ಲ ಈಗ ಮೊಬೈಲಿನಲ್ಲಿಯೇ ಸಿಗುತ್ತವೆ ಎನ್ನುತ್ತಾರೆ.
(ಗೃಹಿಣಿ, ಹಳೇ ಹುಬ್ಬಳ್ಳಿ)

ಉತ್ತರ: ದಯವಿಟ್ಟು ಹಾಕಬೇಡಿ, ಅಕ್ಕಾವರೇ. ಮಕ್ಕಳು ಹೇಳುವಷ್ಟು ಸುಲಭವಾಗಿ ಹಳೆಯ ಆಟಗಳು ಸಿಗುವುದಿಲ್ಲ. ವಿಡಿಯೋ ಗೇಮ್ ಹಿಸ್ಟರಿ ಫೌಂಡೇಷನ್ 2023ರಲ್ಲಿ ನಡೆಸಿದ ಅಧ್ಯಯನದ ಪ್ರಕಾರ, ಅಮೆರಿಕದಲ್ಲಿ 2010ಕ್ಕೆ ಮೊದಲು ಬಂದ ಆಟಗಳಲ್ಲಿ ಶೇ. 87ರಷ್ಟು ಇಂದು ಮಾರುಕಟ್ಟೆಯಲ್ಲಿ ಕೊಳ್ಳಲು ದೊರೆಯುವುದಿಲ್ಲ. ಒಂದೇ ಯಂತ್ರಕ್ಕೆ ಮೀಸಲಾದ ಆಟಕ್ಕೆ ಈ ಗತಿ ಬೇಗ ಬರುತ್ತದೆ, ಏಕೆಂದರೆ ಯಂತ್ರ ಹೋದರೆ ಅದೂ ಹೋಯಿತು. ನಿಂಟೆಂಡೊ 2023ರ ಮಾರ್ಚಿನಲ್ಲಿ ತನ್ನ ಎರಡು ಹಳೆಯ ಯಂತ್ರಗಳ ಡಿಜಿಟಲ್ ಅಂಗಡಿಗೆ ಬೀಗ ಹಾಕಿದಾಗ, ಅಲ್ಲಿ ಮಾತ್ರ ಮಾರುತ್ತಿದ್ದ ಆಟಗಳಿಗೆ ಬೇರೆ ಅಂಗಡಿಯೇ ಉಳಿಯಲಿಲ್ಲ.

ನಿಮ್ಮ ಬಳಿ ಇರುವವು ಬಹುಶಃ ನಕಲಿ ಕ್ಯಾಸೆಟ್ಟುಗಳೇ. ಲೇಬಲ್ಲಿನ ಮೇಲೆ 99999 ಆಟ ಎಂದು ಬರೆದು ಒಳಗೆ ಆರೇಳು ಆಟಗಳನ್ನೇ ತಿರುಗಿಸಿ ತಿರುಗಿಸಿ ತುಂಬಿದವು. ಇರಲಿ. ನನ್ನ ಬಳಿಯೂ ಅಂಥದೊಂದು ಇತ್ತು. ಆಟ ಅರ್ಧದಲ್ಲಿ ಉಳಿದರೆ ಉಳಿಸಿಡುವ ಸೌಲಭ್ಯ ಅದರಲ್ಲಿರಲಿಲ್ಲವಾದ್ದರಿಂದ ಟಿವಿ ಆರಿಸಿ, ಯಂತ್ರವನ್ನು ಮಾತ್ರ ರಾತ್ರಿಯಿಡೀ ಚಾಲೂ ಇಟ್ಟು, ಅಡಾಪ್ಟರ್ ಬಿಸಿಯಾಗದಿರಲೆಂದು ಅದರ ಕೆಳಗೆ ಸ್ಟೀಲಿನ ತಾಟು ಇಟ್ಟು ಮಲಗುತ್ತಿದ್ದೆ. ಎಂಟನೆಯ ಹಂತ ತಲುಪಿದ ಸಲವೆಲ್ಲ ಬೆಳಗಿನ ಜಾವ ಕರೆಂಟು ಹೋಗುತ್ತಿತ್ತು.

ಯಂತ್ರವನ್ನು ಒಡನೆ ಪ್ಲಗ್ಗಿಗೆ ಹಾಕಬೇಡಿ. ಹಳೆಯ ಅಡಾಪ್ಟರನ್ನು ಮೊದಲು ರಿಪೇರಿಯವರಿಗೆ ತೋರಿಸಿ. ಕ್ಯಾಸೆಟ್ಟಿನ ಕೆಳತುದಿಯಲ್ಲಿ ಕಾಣುವ ಹಿತ್ತಾಳೆ ಬಣ್ಣದ ಗೆರೆಗಳನ್ನು ಔಷಧಿ ಅಂಗಡಿಯಲ್ಲಿ ಸಿಗುವ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಯಿಂದ ಮೆಲ್ಲಗೆ ಒರೆಸಿ, ಒಣಗಲು ಬಿಟ್ಟು, ಆ ಮೇಲೆ ಹಾಕಿ. ಯಜಮಾನರು ಸಂಜೆ ಮನೆಗೆ ಬಂದ ಕೂಡಲೇ ಕ್ಯಾಸೆಟ್ಟನ್ನು ಬಾಯಿಗೆ ಹಿಡಿದು ಊದಲು ನೋಡುತ್ತಾರೆ. ಊದಲು ಬಿಡಬೇಡಿ, ಉಸಿರಿನ ತೇವದಿಂದ ಆ ಗೆರೆಗಳು ತುಕ್ಕು ಹಿಡಿಯುತ್ತವೆ.